ಪ್ರಾಂಪ್ಟರನ ಕುರ್ಚಿ

ನನ್ನ ಕೆಲಸ ಪಿಸುಗುಟ್ಟುವುದು.
ಪಕ್ಕದ ಪರದೆಯ ಮರೆಗೆ ಒಂದು ಮಡಚುವ ಕುರ್ಚಿ,
ಟಾರ್ಚಿನ ಬಾಯಿಗೆ ಕೆಂಪು ಕಾಗದ,
ತೊಡೆಯ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕು.
ಅಪೊಲೀನ್ ಫೆರಾವೊ ಮರೆತರೆ ನಾನು ನೆನಪು.
ಮರೆತದ್ದು ಮೂವತ್ತಾರು ವರ್ಷದಲ್ಲಿ
ಎರಡು ಸಲ. ಅದರಲ್ಲೊಂದು
ಬಜ್ಪೆಯ ಶಾಲೆ ಮೈದಾನದಲ್ಲಿ, ಕರೆಂಟು ಹೋದಾಗ.

ಮೊದಲು ಬಂದದ್ದು ಬೋಳಾರದ ಹಂಚಿನ ಕಾರ್ಖಾನೆಯಿಂದ,
ಹಗಲಿನ ಪಾಳಿ ಮುಗಿಸಿ,
ಉಗುರ ಸಂದಿಯಲ್ಲಿ ಕೆಂಪು ಮಣ್ಣು.
ಆಗೆಲ್ಲ ಹೆಣ್ಣಿನ ಪಾರ್ಟು ಬಜಾಲಿನ ಸಂಜೀವನದು,
ಮೀಸೆ ಬೋಳಿಸಲು ಎರಡು ರೂಪಾಯಿ ಹೆಚ್ಚಿಗೆ ಕೇಳುತ್ತಿದ್ದ.
ಇವಳು ಬಾಗಿಲಲ್ಲೇ ನಿಂತು ಕೇಳಿದಳು:
"ಅಳುವುದು ಬಿಟ್ಟು ಬೇರೆ ಎಂತ ಉಂಟು ಈ ಪಾರ್ಟಿನಲ್ಲಿ?"

ಚೆಲುವೆ ಎಂದು ಯಾರೂ ಹೇಳಲಿಲ್ಲ.
ಮೂಗು ಸ್ವಲ್ಪ ಹೆಚ್ಚು, ದವಡೆ ಹಟಮಾರಿ.
ಆದರೆ ಕಿನ್ನಿಗೋಳಿಯಲ್ಲಿ, ಮೂಡಬಿದ್ರೆಯಲ್ಲಿ,
ಕೊಂಕಣಿಯೋ ತುಳುವೋ, ಯಾವ ನಾಟಕವೇ ಇರಲಿ,
ಅವಳು ಮಾತಾಡದೆ ನಿಂತಳೆಂದರೆ
ಕಡೆಯ ಸಾಲಿನ ಬೀಡಿಯೂ ಬೆರಳಲ್ಲೇ ಆರುತ್ತಿತ್ತು.
ಬೊಂಬಾಯಿಯ ಸಂಘದವರು ಕೊಟ್ಟ ಬೆಳ್ಳಿ ಕಪ್ಪು
ಅವಳ ಅಡುಗೆಮನೆಯ ಕಿಟಕಿಗೆ ಒತ್ತು.
"ಗಾಳಿಗೆ ಬಡಿಯುತ್ತದೆ ಮಾಸ್ಟ್ರೇ, ಅದಕ್ಕೆ."

ಐವತ್ತೈದಕ್ಕೆ ಬಣ್ಣ ಒರೆಸಿ
ಓಟಿಗೆ ನಿಂತಳು.
ಇದೂ ಒಂದು ನಾಟಕ ಮಾರಾಯ್ರೆ, ಎಂದು ಊರು ನಕ್ಕಿತು.
ಅವಳೂ ನಕ್ಕಳು. ಹವಾಯಿ ಚಪ್ಪಲಿಯಲ್ಲಿ ಮನೆಮನೆಗೆ ಹೋದಳು,
ಕೈ ಮುಗಿಯದೆ ಕೇಳಿದಳು: ನೀರು ಬರುತ್ತದಾ?
ನೂರ ಹನ್ನೊಂದು ಓಟಿನಲ್ಲಿ ಗೆದ್ದಳು.

ಪಾಲಿಕೆಯ ಸಭಾಂಗಣದಲ್ಲಿ ಪಕ್ಕದ ಪರದೆ ಇಲ್ಲ.
ಗೋಡೆ ಬದಿಯ ಬೆಂಚಿನಲ್ಲಿ ಕೂತ ನನ್ನ ತುಟಿ
ಸುಮ್ಮನೆ ಅಲುಗುತ್ತಿತ್ತು,
ಯಾರೂ ಬರೆಯದ ಮಾತಿಗೆ.
ಮಾಜಿ ಮೇಯರೊಬ್ಬರು ತೀರಿಕೊಂಡ ವಾರ ಸಂತಾಪ ಸಭೆ.
ಅಜಾತಶತ್ರು ಎಂದರು ಒಬ್ಬರು, ಕೊಡುಗೈ ಎಂದರು ಇನ್ನೊಬ್ಬರು.
ಇವಳು ಎದ್ದಳು. ತುಸು ನಿಂತಳು. ಆ ನಿಲ್ಲುವುದು ನನಗೆ ಗೊತ್ತು.
"ಸತ್ತವರ ಬಗ್ಗೆ ಒಳ್ಳೆಯದೇ ಹೇಳಬೇಕಂತೆ. ಹೇಳುತ್ತೇನೆ.
ಅವರ ಮನೆಯ ನಳ್ಳಿ ಒಂದು ದಿನವೂ ಒಣಗಲಿಲ್ಲ,
ನನ್ನ ವಾರ್ಡಿನ ಹೆಂಗಸರು ಕೊಡ ಹಿಡಿದು
ಬೆಳಗು ಮಾಡಿದ ರಾತ್ರಿಗಳಲ್ಲೂ."
ಕುರ್ಚಿಗಳು ಸದ್ದು ಮಾಡಿದವು. ಮೈಕು ಆರಿಸಿದರು.
ಪಾಪ, ಬಯಲಲ್ಲಿ ಪಳಗಿದ ಗಂಟಲು ಅದು,
ಅವರಿಗೆ ಹೇಗೆ ಗೊತ್ತಾಗಬೇಕು.

ಹದಿನೈದು ವರ್ಷ. ಕೈಗೆ ಸಿಕ್ಕಿದ್ದು
ಎರಡು ಓಣಿಗೆ ಪೈಪು,
ದಕ್ಕೆಯಲ್ಲಿ ಮೀನು ಮಾರುವವರಿಗೆ ಒಂದು ಶೌಚಾಲಯ.
ಅದಕ್ಕೂ ಬೀಗ ಬೀಳುತ್ತದೆ ಒಮ್ಮೊಮ್ಮೆ.
"ನಾಟಕವಾದರೆ ಮೂರು ಗಂಟೆಯಲ್ಲಿ ಕೆಟ್ಟವ ಸಾಯುತ್ತಾನೆ,"
ಎಂದಳು ಬಸ್ಸಿಗೆ ಕಾಯುತ್ತಾ,
"ಇಲ್ಲಿ ಅವ ಸಮಿತಿಯ ಅಧ್ಯಕ್ಷ ಆಗುತ್ತಾನೆ."
ಪಾರ್ಟು ಹೊತ್ತು ಬಂದವರನ್ನು ಮೆಟ್ಟಿಲಲ್ಲೇ ಕಳಿಸಿದಳು.
ಸೀರೆಯ ಟ್ರಂಕಿಗೆ ಗೆದ್ದಲು ಹತ್ತಿದ್ದನ್ನು
ನನಗೆ ಹೇಳಿದ್ದು ಅವಳ ಸೊಸೆ.

ಹೋದ ಡಿಸೆಂಬರಿನಲ್ಲಿ ಫೋನು. ಎಂಬತ್ತೊಂದು ಅವಳಿಗೆ.
ಪುನಃ ಬಣ್ಣ ಹಚ್ಚುತ್ತಾಳಂತೆ. ಅದೂ ಗಂಡಸಿನ ಪಾರ್ಟು,
ಮೂರು ದೋಣಿ ಕಳಕೊಂಡ ಮುದಿ ತಾಂಡೇಲ.
"ಮೀಸೆ ಅಂಟಿಸಿ ನೋಡಿದೆ, ಸಂಜೀವನ ನೆನಪಾಯ್ತು.
ಕುರ್ಚಿ ಉಂಟಾ ಇನ್ನೂ?"
ಎಡಗಿವಿ ಪೂರ್ತಿ ಹೋಗಿದೆ ಎಂದೆ.
"ಕೇಳುವುದು ನನ್ನ ಕೆಲಸ. ನೀವು ಬನ್ನಿ."

ಪುರಭವನ. ಮೂರನೆಯ ದೃಶ್ಯ.
ತಾಂಡೇಲ ಹರಿದ ಬಲೆಯ ಮುಂದೆ ಕೂತು
ಒಂದು ಮಾತು ಹೇಳಬೇಕು.
ಹೇಳಲಿಲ್ಲ.
ಟಾರ್ಚು ಹಚ್ಚಿದೆ. ಬೆರಳು ಸಾಲಿನ ಮೇಲೆ.
ಮರೆತಳೋ? ನಿಂತಳೋ?
ಮೊದಲಾದರೆ ಉಸಿರಿನಲ್ಲೇ ಗೊತ್ತಾಗುತ್ತಿತ್ತು,
ಈಗ ಆ ಉಸಿರು ನನಗೆ ಕೇಳಿಸುವುದಿಲ್ಲ.
ಬಾಯಿ ತೆರೆದೆ.
ಎದುರಿನ ಸಾಲಿನಲ್ಲಿ ಯಾರೋ ಕೆಮ್ಮು ನುಂಗಿಕೊಂಡರು.
ಅವಳು ಬಲೆಯ ಒಂದು ಗಂಟನ್ನು ಉಗುರಲ್ಲಿ ಬಿಡಿಸುತ್ತಿದ್ದಳು,
ಬಿಡಿಸುತ್ತಲೇ ಇದ್ದಳು.

ಟಾರ್ಚು ಆರಿಸಿದೆ.